ಐದು ವರ್ಷದ ಚುಚ್ಚುಮದ್ದು

ಮಗಳ ಚುಚ್ಚುಮದ್ದಿನ ಲೆಕ್ಕವನ್ನು ನನ್ನಷ್ಟು ಚೆನ್ನಾಗಿ ಇಟ್ಟವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನಿರುವುದು ಗಲ್ಫಿನಲ್ಲಿ, ಒಂದು ಗೋದಾಮಿನ ಸ್ಟೋರ್‌ಕೀಪರ್. ಹೆಂಡತಿ ಮತ್ತು ಮಗಳು ಇರುವುದು ಹಿರಿಯಡ್ಕದಲ್ಲಿ, ಹೆಂಡತಿಯ ತವರಿನಲ್ಲಿ. ಮಣಿಪಾಲದ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಕೊಟ್ಟ ಮೊದಲ ಚುಚ್ಚುಮದ್ದಿನಿಂದ ಹಿಡಿದು ಪ್ರತಿ ಸಲವೂ ಹೆಂಡತಿ, ಚುಚ್ಚುಮದ್ದುಗಳನ್ನು ಬರೆದಿಡುವ ‘ತಾಯಿ ಕಾರ್ಡಿ’ನ ಪುಟದ ಫೋಟೋ ಕಳಿಸುತ್ತಿದ್ದಳು, ಜೊತೆಗೆ ಮಗು ಅಳುವ ದನಿಯನ್ನೂ. ಎರಡನ್ನೂ ನಾನು ಫೋನಿನಲ್ಲಿ ಜೋಡಿಸಿ ಇಡುತ್ತಿದ್ದೆ. ಮುಂದಿನದರ ದಿನ ಹತ್ತಿರ ಬಂದರೆ ನೆನಪಿಸುವವನೂ ನಾನೇ. ಸಮುದ್ರದ ಆಚೆಯಿಂದ ಚುಚ್ಚಿಸುವ ಅಪ್ಪ ಇನ್ನೊಬ್ಬ ಇರಲಿಕ್ಕಿಲ್ಲ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ನಿಜವಾಗಿ ಚುಚ್ಚಿಸುತ್ತಿದ್ದವನು ಅವಳ ತಮ್ಮ. ಅವನಿಗೆ ಕಾರ್ಕಳದಲ್ಲಿ ಟೈಲ್ಸ್ ಅಂಗಡಿ. ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವುದು ನಮ್ಮಲ್ಲಿ ಪದ್ಧತಿ. ಚುಚ್ಚುಮದ್ದಿಗೆ ಅಂಥ ಪದ್ಧತಿಯೇನೂ ಇಲ್ಲ. ಆದರೆ ಹೆಂಡತಿಗೆ ಸೂಜಿ ಕಂಡರೆ ತಲೆ ತಿರುಗುತ್ತದೆ, ನಾನಂತೂ ಊರಲ್ಲೇ ಇಲ್ಲ. ಹೀಗೆ ಅದೂ ಅವನ ಪಾಲಿಗೇ ಹೋಯಿತು.

ಮಗಳನ್ನು ಉಡುಪಿಯ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗ ಐದು ವರ್ಷದ ಚುಚ್ಚುಮದ್ದೂ ದಾಖಲಾದ ಕಾರ್ಡಿನ ಪ್ರತಿ ಬೇಕೆಂದು ಆಫೀಸಿನವರು ಕೇಳಿದರು. ಶಾಲೆ ಶುರುವಾಗುವ ತನಕ ಸಮಯ ಕೊಟ್ಟರು. ನನ್ನ ರಜೆ ಇದ್ದದ್ದು ಮೇ ತಿಂಗಳಲ್ಲಿ. ನಾನು ಬರುವವರೆಗೆ ಕಾಯಬೇಕು, ಈ ಒಂದಕ್ಕೆ ಅವಳು ನನ್ನ ತೊಡೆಯ ಮೇಲೆ ಕೂರಬೇಕು ಎಂದು ಹಟ ಹಿಡಿದೆ. ಗೋದಾಮಿನಲ್ಲಿ ಕುರ್ಚಿ ಕಂಡಾಗಲೆಲ್ಲ ಅವಳನ್ನು ಹೇಗೆ ಹಿಡಿದುಕೊಳ್ಳಬೇಕು, ಮುಖವನ್ನು ಯಾವ ಭುಜಕ್ಕೆ ಒತ್ತಿಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ. ನಗುವವರು ನಗಲಿ.

ಬಂದ ಮೇಲಿನ ಮೊದಲ ಗುರುವಾರ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ನರ್ಸ್ ಕರೆದ ಕೂಡಲೇ ನಾನು ಕುರ್ಚಿಯಲ್ಲಿ ಕೂತು ಕೈ ಚಾಚಿದೆ. ಮಗಳು ತಾಯಿಯ ಶಾಲು ಹಿಡಿದು ನಿಂತಲ್ಲೇ ನಿಂತಳು.

"ಅಪ್ಪ ಬೇಡ. ಮಾಮ ಬರ್ಲಿ."

ಚಾಕಲೇಟಿನ ಆಸೆ ತೋರಿಸಿದೆ. ಬರಲಿಲ್ಲ. ಎತ್ತಿಕೊಳ್ಳಲು ಹೋದರೆ ಮೈಯೆಲ್ಲ ಸೆಟೆದುಕೊಂಡಳು. ವರ್ಷಕ್ಕೊಮ್ಮೆ ಬಂದು ಹೋಗುವವನ ತೊಡೆಯ ಮೇಲೆ ಧೈರ್ಯ ಬರುವುದಾದರೂ ಹೇಗೆ? ಹೆಂಡತಿ ನನ್ನ ಮುಖ ನೋಡದೆ ತಮ್ಮನಿಗೆ ಫೋನ್ ಮಾಡಿದಳು. ಅವನು ಬರುವ ತನಕ ಬಾಕಿ ಮಕ್ಕಳದು ಮುಗಿಸುತ್ತೇನೆ ಎಂದರು ನರ್ಸ್.

ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದೇ ಒಳಗೆ ಬಂದ. ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ನೀವೇ ಕೂತ್ಕೊಳ್ಳಿ ಭಾವ. ನಾನು ಹತ್ರ ನಿಲ್ತೇನೆ," ಎಂದ.

ಅಷ್ಟು ಹೊತ್ತಿಗೆ ಮಗಳು ಅವನ ಕಾಲು ಹತ್ತಿ ಆಗಿತ್ತು. ಅವನು ಕೂತ. ಅವಳು ತಾನಾಗಿಯೇ ಫ್ರಾಕಿನ ತೋಳು ಮೇಲಕ್ಕೆ ಸರಿಸಿ, ಅವನ ಅಂಗಿಯಲ್ಲಿ ಮುಖ ಹುದುಗಿಸಿದಳು. ಇಬ್ಬರಿಗೂ ಎಲ್ಲ ರೂಢಿಯಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟು ಒಳ್ಳೆಯ ಮನುಷ್ಯನ ಮೇಲೆ. ಆಗ ಅವಳು ಒಂದು ಕಣ್ಣು ಮಾತ್ರ ಹೊರಗೆ ಮಾಡಿ, ಕಾಲು ನನ್ನ ಕಡೆ ನೀಡಿದಳು.

"ಅಪ್ಪ, ಚಪ್ಪಲಿ ಬೀಳ್ತದೆ. ಹಿಡ್ಕೊಳ್ಳಿ."

ಎರಡನ್ನೂ ಕಳಚಿ ಹಿಡಿದುಕೊಂಡೆ. ಸೂಜಿ ಹೋಗಿ ಬಂತು. ಫೋನಿನಲ್ಲಿ ಅಷ್ಟು ಜೋರಾಗಿ ಕೇಳುತ್ತಿದ್ದ ಅಳು ಹತ್ತಿರದಿಂದ ತೀರಾ ಸಣ್ಣದಾಗಿತ್ತು. ಮಾಮನ ಬೆನ್ನ ಮೇಲಿದ್ದ ಅವಳ ಬೆರಳುಗಳು ಮೊದಲು ಮಡಚಿಕೊಂಡು ಆಮೇಲೆ ಸಡಿಲವಾದವು. ಇದು ಯಾವ ಫೋಟೋದಲ್ಲೂ ಬಂದಿರಲಿಲ್ಲ.

ನರ್ಸ್ ಕಾರ್ಡಿನಲ್ಲಿ ತಾರೀಕು ಬರೆದರು. ಮುಂದಿನದು ಯಾವಾಗ ಎಂದು ಕೇಳಿದೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರ ಬಾಯಿಂದ ಕೇಳಿ, ಆ ವರ್ಷದ ರಜೆಯನ್ನು ಈಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು.

"ಇವಳಿಗೆ ಹತ್ತು ವರ್ಷ ಆಗುವಾಗ ಒಂದು ಉಂಟು," ಎಂದರು. "ಅದನ್ನು ನಾವು ಶಾಲೆಗೇ ಬಂದು ಕೊಡ್ತೇವೆ. ನೀವು ರಜೆ ಹಾಕಿ ಬರ್ಬೇಕಂತ ಇಲ್ಲ ಮಾರಾಯ್ರೆ."

ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಆಗ ಅವಳು ಯೂನಿಫಾರ್ಮ್ ಹಾಕಿಕೊಂಡು ಸಾಲಿನಲ್ಲಿ ನಿಂತಿರುತ್ತಾಳೆ. ತೋಳು ಅವಳೇ ಮಡಚಿಕೊಳ್ಳುತ್ತಾಳೆ. ಮಾಮನೂ ಬೇಡ, ಅಪ್ಪನೂ ಬೇಡ.

ಮರುದಿನ ಶಾಲೆಯಲ್ಲಿ ಪ್ರತಿ ಕೊಟ್ಟೆ. ಆಫೀಸಿನವರು ಹುಟ್ಟಿದ ದಿನದಿಂದ ಎಲ್ಲದರ ಮೇಲೂ ಬೆರಳಾಡಿಸಿ, ಯಾವುದೂ ಬಾಕಿ ಇಲ್ಲ, ಇಷ್ಟು ಸರಿಯಾಗಿ ಮಾಡಿಸುವವರು ಕಡಿಮೆ ಎಂದು ನನ್ನನ್ನೇ ಹೊಗಳಿದರು. ಹೊರಗೆ ಮಗಳು ಅಂಗಳದಲ್ಲಿ ಓಡುತ್ತಿದ್ದಳು. ನಾನು ಜಗಲಿಯ ಬೆಂಚಿನ ಮೇಲೆ ಕೂತೆ. ದಣಿದು ಬಂದರೆ ಕೂರಲಿ ಎಂದು ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟೆ. ಅವಳಿಗೆ ದಣಿವೇ ಆಗಲಿಲ್ಲ.