ಕೊನೆಗದ್ದೆಗೆ ಮೊದಲ ನೀರು

ಊರಿಗೆಲ್ಲ ತಣ್ಣನೆಯ ಕೆರೆನೀರು ಹಂಚುವ ಹೆಂಗಸಿಗೆ ಊರವರು ಇಟ್ಟ ಹೆಸರು ಬಿಸಿನೀರು. ಎದುರಿಗೆ ಯಾರಿಗೂ ಹಾಗೆ ಕರೆಯುವ ಧೈರ್ಯವಿರಲಿಲ್ಲ. ಎದುರಿಗೆ ಅವಳು ಅಕ್ಕ. ಬೆನ್ನ ಹಿಂದೆ ಮಾತ್ರ, “ಬಿಸಿನೀರು ಕೆರೆ ಏರಿ ಮೇಲೆ ಬರ್ತಿದೆ, ಗುದ್ದಲಿ ಕೆಳಗಿಡು” ಎಂದು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಹೆಸರಿಟ್ಟವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆ ಹೆಸರು ಬರುವಂತೆ ಮಾಡಿದವರ ಮೇಲಿತ್ತು, ಅಂದರೆ ಕಾಲುವೆಯ ಉದ್ದಕ್ಕೂ ಗದ್ದೆ ಇದ್ದ ಪ್ರತಿಯೊಬ್ಬರ ಮೇಲೂ.

ಕೆರೆಯ ತೂಬು ತೆರೆದು ನೀರು ಬಿಡುವ ಕೆಲಸ ಅವಳ ಗಂಡನಿಗೆ ಅವನ ಅಪ್ಪನಿಂದ ಬಂದದ್ದು. ಅವನೋ, ಇಲ್ಲ ಎನ್ನಲು ಬಾರದ ಮನುಷ್ಯ. “ಒಂದು ಗಳಿಗೆ ಬಿಡಪ್ಪಾ, ಸಸಿ ಬಾಡ್ತಿದೆ” ಎಂದು ಯಾರು ಬಂದು ನಿಂತರೂ ನೀರು ಬಿಡುತ್ತಿದ್ದ. ಬಿಟ್ಟ ಮೇಲೆ ಸಾಕು ಎನ್ನಲು ನಾಚಿಕೆ. ಅವನ ಕೈಯಲ್ಲಿ ತೂಬು ಒಂದೇ ಒಂದು ಬೆಳೆ ಇತ್ತು. ಆ ಬೆಳೆಯಲ್ಲಿ ಕಾಲುವೆಯ ತಲೆಯಲ್ಲಿದ್ದ ಗದ್ದೆಗಳಲ್ಲಿ ಕಪ್ಪೆಗಳು ಈಜಿದವು, ಕೊನೆಯ ಗದ್ದೆಗಳಲ್ಲಿ ದನ ಮೇಯ್ದವು. ಊರವರು ಬಾಗಿಲಿಗೆ ಬಂದು ಬಾಯಿ ಮಾಡಿದಾಗ ಅವನು ಅಡುಗೆಮನೆಯಲ್ಲಿ ಮತ್ತೆ ಮತ್ತೆ ನೀರು ಕುಡಿಯುತ್ತ ನಿಂತ. ಹೊರಗೆ ಬಂದು ಉತ್ತರ ಕೊಟ್ಟವಳು ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಡತಿ. ಗಂಡನನ್ನೂ ಬಿಡಲಿಲ್ಲ, ಅವನ ಮೆದುತನವನ್ನು ದೋಚಿದವರನ್ನೂ ಬಿಡಲಿಲ್ಲ. ಅವಳ ಮಾತು ಮುಗಿಯುವ ಹೊತ್ತಿಗೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತೂಬಿನ ಚಕ್ರ ತಿರುಗಿಸುವ ಕಬ್ಬಿಣದ ಹಿಡಿಯನ್ನು ಅವಳ ಕೈಗೇ ಕೊಟ್ಟರು. ಅಂದಿನಿಂದ ಅದು ಅವಳ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ, ಸೌಟುಗಳ ಪಕ್ಕದಲ್ಲಿ ನೇತಾಡುತ್ತಿತ್ತು.

ಕೆಲಸ ಹೇಳಲು ಸುಲಭ. ಗುಡ್ಡದ ಮೇಲೆ ಬಿದ್ದ ಮಳೆ ಹಳ್ಳಗಳಲ್ಲಿ ಇಳಿದು ಕೆರೆ ತುಂಬುತ್ತದೆ. ಏರಿಯ ಬುಡದಲ್ಲಿ ತೂಬು. ಏರಿಯ ಮೇಲಿನ ಚಕ್ರ ತಿರುಗಿಸಿದರೆ ಅದರ ಬಾಗಿಲು ಮೇಲೆದ್ದು ನೀರು ಕಾಲುವೆಗೆ ಬೀಳುತ್ತದೆ. ಕಾಲುವೆಯ ಎರಡೂ ಮಗ್ಗುಲಿಗೆ ಗದ್ದೆ, ಪ್ರತಿ ಗದ್ದೆಗೂ ಒಂದು ಮಡೆ: ಮಣ್ಣು ಕಡಿದರೆ ತೆರೆಯುವ, ಮಣ್ಣು ಒತ್ತಿದರೆ ಮುಚ್ಚುವ ಬಾಯಿ. ಕೆಲವರು ಬಾವಿ ತೋಡಿಸಿಕೊಂಡು ನಮಗೆ ಕೆರೆಯ ಹಂಗಿಲ್ಲ ಎಂದು ಮೀಸೆ ತಿರುವಿದರು. ಕೆರೆ ಇಳಿದ ವರ್ಷ ಬಾವಿಗಳೂ ಇಳಿದವು, ಮೀಸೆಯೂ ಇಳಿಯಿತು. ಬಾವಿಗೆ ನೀರು ಇನ್ನೆಲ್ಲಿಂದ ಬರಬೇಕು? ನೆಲದ ಒಳಗೆ ಬಸಿದು ಹೋಗುವುದೂ ಕೆರೆಯ ನೀರೇ.

ಸರದಿಯ ಕಟ್ಟಳೆಯೂ ಸುಲಭ. ಕೊನೆಗದ್ದೆಗೆ ಮೊದಲು, ಆಮೇಲೆ ಒಂದೊಂದಾಗಿ ಮೇಲೆ ಬರುತ್ತ ತಲೆಗದ್ದೆಗೆ ಕಡೆಯಲ್ಲಿ. ನೀರು ಗದ್ದೆಯ ದೂರದ ಮೂಲೆ ಮುಟ್ಟಿದರೆ ಆ ಗದ್ದೆಯ ಸರದಿ ಮುಗಿಯಿತು. ತಲೆಗದ್ದೆಯವನಿಗೆ ಏರಿಯಿಂದ ಬಸಿಯುವ ನೀರೇ ಅರ್ಧ ಹೊಟ್ಟೆ ತುಂಬಿಸುತ್ತದೆ. ಕೊನೆಗದ್ದೆಯವನಿಗೆ ಮಾತ್ರ ದಾರಿಯಲ್ಲಿ ಇರುವವರ ಮರ್ಯಾದೆಯೇ ನೀರಿನ ಮೂಲ, ಆ ಮೂಲ ಕೆರೆಗಿಂತ ಬೇಗ ಬತ್ತುತ್ತದೆ. ಅದಕ್ಕೇ ಇನ್ನೊಂದು ಕಟ್ಟಳೆ: ಕದ್ದವನ ಗದ್ದೆಗೆ ಮುಂದಿನ ಸರದಿ ಇಲ್ಲ. ಯಾರೇ ಆಗಲಿ, ಬೆಳೆ ಯಾವ ಹದದಲ್ಲೇ ಇರಲಿ.

ಯಾರೇ ಆಗಲಿ ಎಂಬುದನ್ನು ಅವಳು ಬಾಯಿಮಾತಿಗೆ ಹೇಳಿದವಳಲ್ಲ. ತಲೆಗದ್ದೆ ಅವಳ ಸ್ವಂತ ಅಣ್ಣನದು. ಅವಳ ತವರು ಒಂದು ಕೂಗಿನ ದೂರ. ಹಿಂದೊಂದು ಬೆಳೆಯಲ್ಲಿ ಅಣ್ಣ ಸರದಿ ಬರುವ ಮೊದಲೇ ಮಡೆ ಕಡಿದ. ಅವಳು ಅವನ ಸರದಿ ಕಿತ್ತಳು. ಆಗ ಇನ್ನೂ ಬದುಕಿದ್ದ ತಾಯಿ ಬಂದು, “ಒಡಹುಟ್ಟಿದವನು ಕಣೇ” ಎಂದರೂ ಸೊಪ್ಪು ಹಾಕಲಿಲ್ಲ. “ಒಡಹುಟ್ಟಿದವನಿಗೆ ನಾಚಿಕೆ ಅನ್ನೋದು ಹುಟ್ಟಲಿಲ್ಲವಲ್ಲ, ಅವನನ್ನ ಕೇಳು” ಎಂದಳು. ಅಣ್ಣ ತಂಗಿಯ ಜೊತೆ ಎಷ್ಟೋ ಕಾಲ ಮಾತು ಬಿಟ್ಟಿದ್ದ. ಅವಳು ಆ ಮೌನವನ್ನು ಹೊಟ್ಟೆಗೆ ಹಾಕಿಕೊಂಡಳು, ಆದರೆ ಅದು ಕರಗಲಿಲ್ಲ.

ಅವಳದೇ ಗದ್ದೆ ಕಾಲುವೆಯ ನಡುವೆ ಇತ್ತು. ಅದರ ಒಂದು ಮೂಲೆ, ಕಾಲುವೆಯ ಬದಿಯದೇ ಆದರೂ ಮಡೆಯಿಂದ ದೂರದ್ದು, ಸ್ವಲ್ಪ ಎತ್ತರದ್ದು, ಪ್ರತಿ ವರ್ಷವೂ ಸೊರಗುತ್ತಿತ್ತು. ಉಳಿದ ಭತ್ತ ಸೊಂಟದೆತ್ತರ ನಿಂತರೆ ಅಲ್ಲಿ ಮೊಣಕಾಲೆತ್ತರ. ಯಾರಾದರೂ ಕೇಳಿದರೆ, “ಆ ಮೂಲೆ ಮಣ್ಣೇ ಸರಿಯಿಲ್ಲ” ಎನ್ನುತ್ತಿದ್ದಳು. ಹೇಳಿ ಹೇಳಿ ಅವಳಿಗೇ ನಂಬಿಕೆ ಬಂದಿತ್ತು.

ಆ ವರ್ಷ ಕೆರೆ ಅರ್ಧವೇ ತುಂಬಿತ್ತು. ಎಚ್ಚರದಿಂದ ಹಂಚಿದರೆ ಎಲ್ಲರ ಬೆಳೆಯೂ ದಡ ಮುಟ್ಟುವಷ್ಟು ನೀರು, ಒಬ್ಬ ಕೈಚಳಕ ತೋರಿಸಿದರೂ ಇನ್ನೊಬ್ಬನ ಬೆಳೆ ಹೋಗುವಷ್ಟು ನೀರು. ತೆನೆ ಹೊರಬಂದು ಹಾಲು ತುಂಬುವ ಹೊತ್ತು. ಅಂಥ ಒಂದು ಬೆಳಿಗ್ಗೆ, ಅವಳು ತೂಬು ತೆರೆದು ಏರಿಯಿಂದ ಇಳಿಯುವಷ್ಟರಲ್ಲಿ ಕೊನೆಗದ್ದೆಯ ಅಜ್ಜಿ ಬಂದು ನಿಂತಿದ್ದಳು. ಒಂಟಿ ಜೀವ, ಅಂಗೈ ಅಗಲದ ಗದ್ದೆ.

“ಹೋದ ಸಲ ನೀರು ಸಣ್ಣ ಆಗಿತ್ತು ಕಣಮ್ಮಾ,” ಎಂದಳು ಅಜ್ಜಿ. “ನೀನು ನನ್ನ ಗದ್ದೆ ಹತ್ರ ಬಂದು ನಿಂತ ಮೇಲೆ ಇನ್ನೂ ಸಣ್ಣ ಆಯ್ತು. ಅದಕ್ಕೂ ಹಿಂದಿನ ಸಲಾನೂ ಹಾಗೇ. ನಿನಗೆ ಹೇಳೋಕೆ ಭಯ.”

“ನನಗೆ ಹೇಳೋಕೆ ಭಯ, ಕದಿಯೋನಿಗೆ ಭಯ ಇಲ್ಲ!” ಎಂದು ಅವಳು ಗುದ್ದಲಿ ಹೆಗಲಿಗೇರಿಸಿದಳು.

ಯಾವಾಗಲೂ ಅವಳು ನೀರಿನ ಜೊತೆಗೇ ನಡೆಯುತ್ತಿದ್ದಳು. ಒಣಗಿದ ಕಾಲುವೆಯಲ್ಲಿ ಮೊದಲ ನೀರು ಕಸಕಡ್ಡಿ, ನೊರೆ, ಸತ್ತ ಹುಳ ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಅದರ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಕೊನೆಗದ್ದೆ ಮುಟ್ಟುವುದು ಅವಳ ಅಭ್ಯಾಸ. ಅದು ಊರಿಗೆಲ್ಲ ಗೊತ್ತಿದ್ದ ಅಭ್ಯಾಸ. ಅವತ್ತು ಮಾತ್ರ ನೀರನ್ನು ಅದರ ಪಾಡಿಗೆ ಬಿಟ್ಟು, ನೇರ ಅಣ್ಣನ ಗದ್ದೆಗೆ ನಡೆದಳು. ಅನುಮಾನಕ್ಕೆ ಅವಳಿಗೆ ಬೇರೆ ವಿಳಾಸ ಹೊಳೆಯಲಿಲ್ಲ.

“ಒಂದು ಸಲ ಒಣಗಿಸಿದ್ದು ಸಾಲಲಿಲ್ವಾ ನಿನಗೆ?” ಎಂದು ಬದುವಿನ ಮೇಲಿಂದಲೇ ಕೂಗಿದಳು. “ಆ ಮುದುಕಿ ತಟ್ಟೆಗೆ ಕೈ ಹಾಕ್ತೀಯಲ್ಲ, ನಿನ್ನ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ?”

ಸುತ್ತಲಿನ ಗದ್ದೆಗಳಲ್ಲಿ ಕಳೆ ಕೀಳುತ್ತಿದ್ದವರು ತಲೆ ಎತ್ತಿದರು. ಅಣ್ಣ ಕೈಯ ಮಣ್ಣು ಒರೆಸಿಕೊಂಡು ಎದ್ದ.

“ನನ್ನ ಬದು ಪೂರ್ತಿ ಅಗೆದು ನೋಡು ತಂಗಿ. ಸಿಕ್ಕದಿದ್ರೆ ನಿನ್ನ ಜೊತೆ ಕೊನೆವರೆಗೂ ನಾನು ಬರ್ತೀನಿ. ಯಾರು ಕದ್ದಿದ್ದು ಅಂತ ನನಗೂ ನೋಡಬೇಕು.”

ಅವಳು ನಿಜಕ್ಕೂ ಅಗೆದಳು. ಏನೂ ಸಿಕ್ಕಲಿಲ್ಲ. ಕ್ಷಮಿಸು ಎಂಬ ಮಾತು ಅವಳ ಬಾಯಲ್ಲಿ ಬರುವಂಥದ್ದಲ್ಲ. “ನಡಿ” ಎಂದಳು ಅಷ್ಟೇ. ಅಣ್ಣ ಒಂದು ಹಿಡಿ ಒಣಹುಲ್ಲು ಕಿತ್ತು ಕಾಲುವೆಗೆ ಎಸೆದ. ಹುಲ್ಲು ತೇಲಿತು, ಇಬ್ಬರೂ ಅದರ ಪಕ್ಕದಲ್ಲಿ ನಡೆದರು. ಒಂದೊಂದು ಮಡೆಯನ್ನೂ ಅವಳು ಕಾಲಿನಿಂದ ಒತ್ತಿ ನೋಡಿದಳು. ಎಲ್ಲವೂ ಗಟ್ಟಿ. ನಡುಗದ್ದೆಯ ಹತ್ತಿರ ಬಂದಾಗ ಹುಲ್ಲು ತಟ್ಟನೆ ದಂಡೆಗೆ ಸರಿದು, ಅಲ್ಲೇ ಗಿರಗಿರ ಸುತ್ತತೊಡಗಿತು.

ಅಣ್ಣ ಮೊದಲು ನೋಡಿದ. ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಆ ಮುಖ ತಿರುಗಿಸಿದ್ದೇ ಅವಳಿಗೆ ಎಲ್ಲವನ್ನೂ ಹೇಳಿತು. ನೀರಿಗಿಳಿದು ಕೈ ಹಾಕಿದಳು. ದಂಡೆಯ ಹುಲ್ಲಿನ ಬುಡದಲ್ಲಿ, ಬದುವಿನ ಅಡಿಯಲ್ಲಿ ತೋಳಿನ ಗಾತ್ರದ ಪೈಪು, ಅದರೊಳಗೆ ಸುಯ್ಯನೆ ಹೋಗುವ ನೀರು. ಪಕ್ಕದ ಪೊದೆಯಲ್ಲಿ, ಅವಳು ಆಗಲೇ ನೀರಿನ ಜೊತೆ ದಾಟಿರಬೇಕೆಂದು ಯಾರೋ ಕಿತ್ತಿಟ್ಟಿದ್ದ ಅದರ ಬಿರಡೆ, ಒಂದು ಬಟ್ಟೆಯ ಉಂಡೆ. ಬಿಚ್ಚಿ ನೋಡಿದರೆ ಅವಳೇ ಕೆಂಪು ದಾರದಲ್ಲಿ ಹೊಲಿದಿದ್ದ ಹಳೆಯ ದಿಂಬಿನ ಚೀಲ. ಪೈಪಿನ ಇನ್ನೊಂದು ತುದಿ ಅವಳದೇ ಗದ್ದೆಯ ಸೊರಗಿದ ಮೂಲೆಯಲ್ಲಿ ಬಾಯಿ ಬಿಟ್ಟಿತ್ತು.

“ಮುಚ್ಚಿಬಿಡು ತಂಗಿ,” ಎಂದ ಅಣ್ಣ ಮೆಲ್ಲಗೆ. “ನಾನೇನೂ ನೋಡಿಲ್ಲ.”

ಅವನು ಜರಿದಿದ್ದರೆ ಅವಳು ಸಹಿಸುತ್ತಿದ್ದಳು. ನಕ್ಕಿದ್ದರೂ ಸಹಿಸುತ್ತಿದ್ದಳು. “ನಿನ್ನ ಉಪಕಾರ ನಿನ್ನ ಹತ್ರಾನೇ ಇಟ್ಕೋ,” ಎಂದು ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಬದು ಕುಸಿಯುವಂತೆ ಕಿತ್ತು ಎಳೆದಳು. ಕೆಸರು ಮುಖಕ್ಕೆಲ್ಲ ಹಾರಿತು. ಅಣ್ಣನೇ ಬದುವಿಗೆ ಮಣ್ಣು ಕೊಟ್ಟು ಮೆಟ್ಟಿ ನಿಲ್ಲಿಸಿದ.

ಅವಳು ಪೈಪು ಹೊತ್ತು ಮನೆಗೆ ಬಂದಾಗ ಗಂಡ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಅವಳು ಪೈಪನ್ನು ಅವನ ಕಾಲ ಬಳಿ ಎಸೆದಳು. ಅದು ಉರುಳಿ ಒಲೆಗೆ ತಾಗಿ ನಿಂತಿತು.

“ಊರಿನವರ ಮುಂದೆ ಅಣ್ಣನ ಮಾನ ತೆಗೆದು ಬಂದೆ. ಕಳ್ಳ ನನ್ನ ಪಕ್ಕದಲ್ಲೇ ಮಲಗ್ತಿದ್ದ. ಇಲ್ಲ ಅನ್ನೋಕೆ ಬಾರದವರು ನೀವು, ಕದಿಯೋಕೆ ಮಾತ್ರ ಬಂತಾ?”

ಅವಳು ಬೈಯುವಾಗ ಅವನು ತುಟಿ ಪಿಟಕ್ಕೆನ್ನುವವನಲ್ಲ. ಅವಳು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗಿಟ್ಟ.

“ಹೌದು, ಕದ್ದೆ. ತಪ್ಪು. ಆದರೆ ನೀನು ಕದ್ದಿದ್ದನ್ನ ಯಾರು ಕೇಳಬೇಕು?”

“ನಾನಾ?”

“ನೀನೇ. ಎಲ್ಲರ ಗದ್ದೇಲೂ ನೀರು ಮೂಲೆ ಮುಟ್ಟೋವರೆಗೂ ಕಾಯ್ತೀಯ. ನಮ್ಮದರಲ್ಲಿ ಒಂದು ಸಲ ಕಾದಿದ್ದೀಯಾ? ಮುಕ್ಕಾಲು ಬರೋ ಹೊತ್ತಿಗೆ ಮಣ್ಣು ಒತ್ತಿ ಎದ್ದುಬಿಡ್ತೀಯ. ತೂಬಿನವಳು ತನ್ನ ಹೊಟ್ಟೆ ತುಂಬಿಸ್ಕೊಂಡಳು ಅಂತ ಯಾರೂ ಅನ್ನಬಾರದು, ಅಷ್ಟೇ ತಾನೆ? ನಿನ್ನ ಒಳ್ಳೇ ಹೆಸರಿಗೆ ನೀರು ಹಾಕಿದ್ದು ನಮ್ಮ ಗದ್ದೆ. ನಾನೂ ಅದರಲ್ಲಿ ದುಡಿದಿದ್ದೀನಿ ಕಣೇ. ನನ್ನನ್ನ ಒಂದು ಮಾತು ಕೇಳಿದ್ಯಾ?”

ಸುಳ್ಳಾಗಿದ್ದರೆ ಒಂದೇ ಉಸಿರಿಗೆ ಮುಗಿಸುತ್ತಿದ್ದಳು. ಮಾತು ನಿಜವಾಗಿತ್ತು, ಅದಕ್ಕೇ ಮೈಯೆಲ್ಲ ಉರಿಯಿತು. ಸಿಟ್ಟು ಅವನ ಮೇಲೋ ತನ್ನ ಮೇಲೋ ತಿಳಿಯದೆ, “ಮುಂದಿನ ಸರದಿ ನಮಗಿಲ್ಲ” ಎಂದು ಹೊರಗೆ ನಡೆದಳು.

ತೂಬಿನ ಕಟ್ಟೆಯ ಮೇಲೆ ನಿಂತು ಅವಳೇ ಎಲ್ಲರಿಗೂ ಹೇಳಿದಳು, ಯಾರ ಗದ್ದೆ, ಯಾರ ಪೈಪು ಎಂದು, ಒಂದಕ್ಷರ ನುಂಗದೆ. ಅಣ್ಣನ ಮೇಲೆ ಹೊರಿಸಿದ್ದು ಸುಳ್ಳು ಎಂದೂ ಹೇಳಿದಳು. ಬಿಸಿನೀರಿಗೆ ಬಿಸಿ ಮುಟ್ಟಿದ್ದನ್ನು ನೋಡಿ ನಗಬೇಕೆಂದು ಎಷ್ಟೋ ವರ್ಷಗಳಿಂದ ಕಾದಿದ್ದವರಿಗೂ ನಗು ಬರಲಿಲ್ಲ. ಹಾಲು ತುಂಬುವ ಹೊತ್ತಿಗೆ ನೀರು ತಪ್ಪಿದರೆ ಏನಾಗುತ್ತದೆಂದು ಅಲ್ಲಿ ತಿಳಿಯದವರು ಯಾರೂ ಇರಲಿಲ್ಲ. ಕೊನೆಗದ್ದೆಯ ಅಜ್ಜಿ ಅವಳ ಸೆರಗು ಹಿಡಿದು, “ನನ್ನ ಪಾಲಲ್ಲಿ ಸ್ವಲ್ಪ ತಿರುಗಿಸ್ಕೋ ಮಗಳೇ, ನಾನೇ ಕೊಡ್ತಿದ್ದೀನಿ” ಎಂದಳು.

“ನಿಮ್ಮ ಪಾಲು ತಿನ್ನೋಕೆ ನಿಮ್ಮಿಂದಲೇ ಅಪ್ಪಣೆ ತಗೊಳ್ಳಲಾ? ಮೊದಲು ಮನೆಗೆ ಹೋಗಿ,” ಎಂದು ಅವಳ ಮೇಲೂ ರೇಗಿದಳು.

ಮುಂದಿನ ಸರದಿಯಲ್ಲಿ ನೀರು ಅವಳ ಗದ್ದೆಯ ಪಕ್ಕದಲ್ಲೇ ಹರಿದು ಹೋಯಿತು. ಅವಳು ಗುದ್ದಲಿ ಹಿಡಿದು ಮಡೆಯ ಮೇಲೆ ನಿಂತಿದ್ದಳು, ಗಂಡನನ್ನು ಕಾಯಲೋ ತನ್ನ ಕೈಯನ್ನೇ ಕಾಯಲೋ. ಗಂಡ ಎದುರು ದಂಡೆಯಲ್ಲಿ ಕೂತಿದ್ದ. ಗದ್ದೆಯ ನೆಲ ಬಿರುಕು ಬಿಟ್ಟಿತ್ತು. ಮುಂದೆ ಬಿಸಿಲೇರಿದ ದಿನಗಳಲ್ಲಿ ತೆನೆಗಳು ಹಾಲಿಲ್ಲದೆ ಬೆಳ್ಳಗಾದವು, ಅದರಲ್ಲೂ ಆ ಮೂಲೆಯಲ್ಲಿ. ಮನೆಯಲ್ಲಿ ಇಬ್ಬರ ನಡುವೆ ಊಟಕ್ಕೆ ಬನ್ನಿ, ಬೇಡ, ಸಾಕು ಎಂಬುದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಅದರ ಮುಂದಿನ ಸರದಿ ಬಂತು. ಕೆಳಗಿನ ಗದ್ದೆಗಳೆಲ್ಲ ನೆನೆದ ಮೇಲೆ ಅವಳು ತನ್ನ ಮಡೆ ಕಡಿದಳು. ನೀರು ಬಿರುಕುಗಳೊಳಗೆ ಇಳಿಯುತ್ತ, ಗುಳುಗುಳು ಎನ್ನುತ್ತ ಮುಂದೆ ಸರಿಯಿತು. ಮುಕ್ಕಾಲು ಗದ್ದೆ ನೆನೆದಾಗ ಅವಳ ಕೈ ತಾನಾಗಿಯೇ ಗುದ್ದಲಿಯಲ್ಲಿ ಮಣ್ಣು ಎತ್ತಿತು.

“ಮೂಲೆ ಮುಟ್ಟಿಲ್ಲ,” ಎಂದ ಗಂಡ.

“ನನಗೆ ಕಣ್ಣಿಲ್ವಾ?” ಎಂದು ಗದರಿದಳು. ಆದರೆ ಮಣ್ಣನ್ನು ಅಲ್ಲೇ ಚೆಲ್ಲಿ, ಗುದ್ದಲಿ ಬದಿಗಿಟ್ಟು, ಬದುವಿನ ಮೇಲೆ ಕೂತಳು.

ಮೇಲಿನ ಗದ್ದೆಗಳವರು ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಣ್ಣ ಅಲ್ಲಿಂದಲೇ ಕೂಗಿದ, “ತಂಗಿ, ನಿಂದು ಇನ್ನೂ ಆಗಿಲ್ವಾ?”

ಬದುಕೆಲ್ಲ ಅವಳು ಹೆದರಿದ್ದು ಈ ಒಂದು ಪ್ರಶ್ನೆಗೆ. ಇದು ಕಿವಿಗೆ ಬೀಳಬಾರದೆಂದು ಪ್ರತಿ ವರ್ಷ ಒಂದು ಮೂಲೆ ಒಣಗಿಸಿದ್ದಳು.

“ಇಲ್ಲ, ಆಗಿಲ್ಲ,” ಎಂದು ಅವಳೂ ಕೂಗಿದಳು. “ಆದಾಗ ಬರ್ತೀನಿ.”

“ಆಗಲಿ,” ಎಂದು ಅಣ್ಣ ತನ್ನ ಬದುವಿನ ಮೇಲೆ ಕೂತ. ಅಷ್ಟೇ. ಬೇರೆ ಯಾರೂ ಉಸಿರೆತ್ತಲಿಲ್ಲ. ಇಷ್ಟಕ್ಕೇನಾ ತಾನು ಹೆದರಿದ್ದು ಎಂದು ಅವಳಿಗೆ ಎಂದೂ ಬಾರದಷ್ಟು ಸಿಟ್ಟು ಬಂತು, ಅದನ್ನು ಯಾರ ಮೇಲೆ ಎಸೆಯಬೇಕೆಂದು ತಿಳಿಯಲಿಲ್ಲ.

ನೀರು ನಿಧಾನವಾಗಿ ಏರಿ ಮೂಲೆ ಮುಟ್ಟಿತು. ಗಂಡ ಅಲ್ಲಿಗೆ ನಡೆದು, ಒಂದು ತೆನೆ ಕಿತ್ತು ಬೆರಳ ನಡುವೆ ಒತ್ತಿದ. ಒಳಗೆ ಏನೂ ಇರಲಿಲ್ಲ, ಬರೀ ಜೊಳ್ಳು. ಅದರ ಬುಡದಲ್ಲಿ ಮಣ್ಣು ಮಾತ್ರ ನೀರು ಕುಡಿದು ಕಪ್ಪಗೆ, ಮೆತ್ತಗೆ ಉಬ್ಬಿತ್ತು. ಅವಳು ಬಂದು ಬಗ್ಗಿ ಒಂದು ಹಿಡಿ ಎತ್ತಿ ಹಿಸುಕಿ ನೋಡಿದಳು.

“ಮಣ್ಣು ಒಳ್ಳೇದೇ ಇತ್ತು,” ಎಂದಳು.

“ಹೂಂ,” ಎಂದ ಅವನು.

ಅವಳು ಹೋಗಿ ಮಡೆ ಮುಚ್ಚಿ, ನೀರನ್ನು ಮೇಲಿನ ಗದ್ದೆಗೆ ತಿರುಗಿಸಿದಳು.