ಹೆಂಡತಿಯ ಹವಳ, ಗಂಡನ ಮದ್ದು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಜಿರಳೆ ಸಾಹೇಬ ಎಂದು. ಇಪ್ಪತ್ತೆರಡು ವರ್ಷ ಕಂಡವರ ಅಡುಗೆಮನೆಗೆ ನುಗ್ಗಿ ಜಿರಳೆ, ತಿಗಣೆ, ಗೆದ್ದಲಿಗೆ ಮದ್ದು ಹೊಡೆದ ಆಸಾಮಿ. ಬೆನ್ನಿಗೆ ಪಂಪು ಕಟ್ಟಿಕೊಂಡರೆ ಸಾಕು, ದಂಡನಾಯಕನ ಗತ್ತು! ತನಗೆ ತಿಳಿಯದ್ದು ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ಹೆಂಡತಿ ಟೈಲರ್; ಆ ನಂಬಿಕೆಯ ಜೊತೆ ಹದಿನೆಂಟು ವರ್ಷ ಏಗಿದವಳು.

ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ, ಮೀನು-ಸೀಗಡಿಗಳ ಉಪ್ಪುನೀರಿನ ಅಕ್ವೇರಿಯಂ ಅವಳದು. ಹೆಬ್ಬೆರಳಿನಷ್ಟಿದ್ದ ಜೀವಂತ ನೇರಳೆ ಹವಳವನ್ನು ಆರು ವರ್ಷ ಸಾಕಿ ಊಟದ ತಟ್ಟೆಯಷ್ಟು ಅಗಲ ಮಾಡಿದ್ದಳು. ಆ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಅದೊಂದೇ.

ಒಂದು ದಿನ ಸಾಹೇಬರು ಯಾರದೋ ಹಳೇ ಮೀನಿನ ತೊಟ್ಟಿಯ ಕಲ್ಲೊಂದನ್ನು ತಂದು, ಕೇಳದೆ ಹೇಳದೆ ಒಳಗಿಟ್ಟರು. ಅದರ ಜೊತೆ ಬಂತು ಪೀಡೆ: ಉಗುರಿನಷ್ಟು ಕಂದು ಹೂ, ಸುತ್ತ ಕುಟುಕುವ ಎಳೆಗಳು. ನೋಡಲು ಹೂ, ಅಸಲಿಗೆ ಪ್ರಾಣಿ. ತಾಗಿದ ಹವಳವನ್ನು ಸುಡುತ್ತದೆ. ಸಾಲದ್ದಕ್ಕೆ, ಬಂದವರೆದುರು ಶೋಕಿಗೆಂದು ಅವನು ಮುಷ್ಟಿಗಟ್ಟಲೆ ಮೀನಿನ ತಿಂಡಿ ಸುರಿದು ಕೂದಲಂಥ ಪಾಚಿಯನ್ನೂ ಬೆಳೆಸಿದ.

ಅವಳು ತಿಂಡಿ ಅರ್ಧ ಮಾಡಿದಳು, ಪಾಚಿಯನ್ನು ಬೆರಳಿಗೆ ಸುತ್ತಿ ಕಿತ್ತಳು, ವಾರವಾರ ನೀರು ಬದಲಿಸಿದಳು. ತೊಟ್ಟಿಯ ನೀರು ತಿರುಗಿಸುವ ಪಂಪು ನಿಲ್ಲಿಸಿ, ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಸಿರಿಂಜಿನಲ್ಲಿ ಹೀರಿ, ಒಂದೊಂದು ಕಂದು ಹೂವಿನ ಬಾಯಿಗೇ ಬಿಟ್ಟಳು. ದಿನಕ್ಕೆ ಐದೇ; ಸುಣ್ಣ ಹೆಚ್ಚಾದರೆ ನೀರು ಕೆಡುತ್ತದೆ.

“ಇದೇನು, ಮಗೂಗೆ ಔಷಧಿ ಕುಡಿಸ್ತಿದೀಯಾ?” ಎಂದು ನಕ್ಕ ಸಾಹೇಬ, ಅವಳದೇ ಕತ್ತರಿ ಎತ್ತಿಕೊಂಡು ಕಂದು ಹೂಗಳನ್ನು ಕಚಕಚ ಕತ್ತರಿಸತೊಡಗಿದ.

“ಅಯ್ಯೋ, ಕತ್ತರಿಸ್ಬೇಡ್ರೀ! ಒಂದೊಂದು ಚೂರೂ ಒಂದೊಂದು ಹೂವಾಗತ್ತೆ.”

“ಇಪ್ಪತ್ತೆರಡು ವರ್ಷದಿಂದ ಕೊಲ್ತಿದೀನಿ ಕಣೇ. ನಂಗೇ ಹೇಳ್ಕೊಡ್ತೀಯಾ?”

ಹದಿನಾಲ್ಕಿದ್ದ ಕಂದು ಹೂ ಮೂರು ವಾರದಲ್ಲಿ ಎಣಿಸಲಾರದಷ್ಟಾಯಿತು. ಘನಂದಾರಿ ಕೆಲಸ!

ಭಾನುವಾರ ಅವನ ಕಂಪನಿಯ ಮಾಲೀಕ ಮನೆಗೆ ಬರುವವನಿದ್ದ; ಅಷ್ಟರಲ್ಲಿ ತೊಟ್ಟಿ ಥಳಥಳಿಸಬೇಕೆಂದು ಸಾಹೇಬನ ಹಟ. ಶನಿವಾರ ಗಂಡನ ಚೀಲದಲ್ಲಿ ಮೈಲುತುತ್ತದ ನೀಲಿ ಹರಳು ಅವಳ ಕಣ್ಣಿಗೆ ಬಿತ್ತು.

“ಅದ್ರಲ್ಲಿ ತಾಮ್ರ ಇದೆ. ಸೀಗಡಿ, ಹವಳ ಒಂದೂ ಉಳಿಯಲ್ಲ. ಕೈ ಮುಗೀತೀನಿ, ಹಾಕ್ಬೇಡಿ.”

“ಆಯ್ತು, ಆಯ್ತು” ಎಂದ, ಮುಖ ನೋಡದೆ.

ಆ ಧ್ವನಿ ಅವಳಿಗೆ ಹೊಸದಲ್ಲ. ಅವನು ಸ್ನಾನಕ್ಕೆ ಹೋದಾಗ ಹವಳದ ಅಂಚಿನಿಂದ ಬೆರಳುದ್ದದ ತುಂಡು ಮುರಿದು, ಕಂದು ಚೂರೇನೂ ಅಂಟಿಲ್ಲವೆಂದು ಮೂರು ಸಲ ನೋಡಿ, ಉಪ್ಪುನೀರಿನ ಡಬ್ಬಿಯಲ್ಲಿ ಒಯ್ದು, ನರ್ಸ್ ಆಗಿದ್ದ ತಂಗಿಯ ಮನೆಯ ಪುಟ್ಟ ಉಪ್ಪುನೀರಿನ ತೊಟ್ಟಿಗೆ ಬಿಟ್ಟು ಬಂದಳು.

ಬರುವಷ್ಟರಲ್ಲಿ ಇಲ್ಲಿ ನೀರು ತಿಳಿನೀಲಿ. ಸೀಗಡಿಗಳು ಮಗುಚಿ ಬಿದ್ದಿದ್ದವು. ತೊಟ್ಟಿಗೆಂದು ಇಟ್ಟಿದ್ದ ಸಮುದ್ರದ ಉಪ್ಪನ್ನೆಲ್ಲ ಕಲಸಿ ನೀರು ಬದಲಿಸಿದಳು, ಪ್ರಯೋಜನವಾಗಲಿಲ್ಲ. ಮರುದಿನದ ಹೊತ್ತಿಗೆ ಹವಳದ ಮೈ ಕಳಚಿ ಬರೀ ಬಿಳಿ ಎಲುಬು ಉಳಿದಿತ್ತು. ಬಂದ ಮಾಲೀಕ ಮೂಗು ಮುಚ್ಚಿಕೊಂಡು, ಕಾಫಿ ಕೂಡ ಕುಡಿಯದೆ ಹೊರಟುಹೋದ.

ಆಮೇಲೆ ಜಿರಳೆ ಸಾಹೇಬ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕಣ್ಣು ತುಂಬಿತ್ತು.

“ಒಂದ್ ತುಂಡಾದ್ರೂ ಉಳಿದಿದ್ಯೇನೇ? ಇದ್ರೆ ಹೇಳು, ಮತ್ತೆ ಸಾಕೋಣ. ಈ ಸಲ ನೀನು ಹೇಳಿದ ಹಾಗೇ ಕೇಳ್ತೀನಿ.”

ಹದಿನೆಂಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಪಾಪ ಅನ್ನಿಸಬೇಕಿತ್ತು. ಅವಳಿಗೆ ಅನ್ನಿಸಲಿಲ್ಲ.

“ಇಲ್ಲ ರೀ” ಎಂದಳು. “ಒಂದು ಚೂರೂ ಉಳಿದಿಲ್ಲ.”