ನಿಮ್ಮ ಡಬ್ಬಕ್ಕೆ ಸುರಿದ ಮದ್ದು

ಇಮ್ತಿಯಾಜ್ ಅಣ್ಣಾ, ನಿಮ್ಮ ರೈಫಲ್ ಒಡೆದದ್ದು ನನ್ನಿಂದ. ನಿಮ್ಮ ಡಬ್ಬದ ಮದ್ದಿಗೆ ಬೇರೆ ಮದ್ದು ಬೆರೆಸಿದವಳು ನಾನು — ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ. ಹೇಳಿಬಿಟ್ಟೆ. ಇನ್ನು ನೀವು ಬೈದರೂ ಸರಿ, ಮುಖದ ಮೇಲೆ ಬಾಗಿಲು ಹಾಕಿದರೂ ಸರಿ.

"ಹಳೇದನ್ನ ಯಾಕೆ ಕೆದಕ್ತೀಯ ಸುಧಾ? ಎಲ್ಲಾ ಗ್ರ್ಯಾಂಡ್ ಆಗಿದೆಯಲ್ಲ" ಎನ್ನುತ್ತಾರೆ ನಮ್ಮ ಯಜಮಾನರು. ಇವರಿಗೂ ಐರಿಶರ ಹಾಗೆ ಚೆನ್ನಾಗಿರುವುದೆಲ್ಲ ಗ್ರ್ಯಾಂಡ್. ಯಾರಿಗೆ ಗ್ರ್ಯಾಂಡ್? ಶೂಟಿಂಗ್ ಕ್ಲಬ್ಬಿನವರು ಹೊರಗೆ ಹಾಕುತ್ತಾರೆ ಎಂದು ಹೆದರಿಸುತ್ತಾರೆ. ಹಾಕಲಿ! ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ ಹಿಡಿದಾಗಿನಿಂದ ನಾನು ಯಾರಿಗೂ ಹೆದರಿದವಳಲ್ಲ. ಹೆದರಿದ್ದು ಒಂದೇ ಸಲ, ನಿಮ್ಮ ಪಕ್ಕದಲ್ಲಿ ನಿಂತು.

ನಾನು ಐರ್ಲೆಂಡಿಗೆ ಬಂದ ಹೊಸದರಲ್ಲಿ ಕ್ಯಾಸಲ್‌ನಾಕ್‌ನ ನಿಮ್ಮ ಮನೆಯಿಂದ ಸ್ಯಾಂಟ್ರಿಯ ನಮ್ಮ ಮನೆಗೆ ಬಂದು, ನನ್ನನ್ನು ಕಾರಿಗೆ ಹತ್ತಿಸಿಕೊಂಡು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದವರು ನೀವು. ಖಾಲಿ ಹಿತ್ತಾಳೆ ಕೇಸಿಗೆ ಮದ್ದು ತೂಗಿ ಹಾಕುವುದು, ಅದರ ಬಾಯಿಗೆ ಬುಲೆಟ್ಟನ್ನು ಸರಿಯಾದ ಆಳಕ್ಕೆ ಕೂರಿಸುವುದು — ಎಲ್ಲ ಕಲಿಸಿದವರೂ ನೀವೇ. "ಒಂದು ಮೇಜಿಗೆ ಒಂದೇ ಡಬ್ಬ, ತಂಗೀ. ಇನ್ನೊಂದು ಕಣ್ಣಿಗೂ ಬೀಳ್ಬಾರ್ದು" ಎಂದು ಎಷ್ಟು ಸಲ ಹೇಳಿದ್ದಿರಿ! ನಾನು ನಗುತ್ತಿದ್ದೆ.

ನಮ್ಮಮ್ಮ ಹೊಸ ಬೇಳೆ ತಂದರೆ, ಹಳೇ ಡಬ್ಬದ ತಳದಲ್ಲಿ ಉಳಿದದ್ದನ್ನು ಅದರ ಮೇಲೆಯೇ ಸುರಿಯುತ್ತಿದ್ದರು. ಒಂದು ಕಾಳೂ ಚೆಲ್ಲುವಂತಿಲ್ಲ. ನನ್ನ ಕೈಗೂ ಅದೇ ಅಭ್ಯಾಸ. ಆವತ್ತು ಲೋಡಿಂಗ್ ರೂಮಿನಲ್ಲಿ ನನ್ನ ಕೆಲಸ ಮುಗಿದಿತ್ತು. ಅಳತೆಯ ಯಂತ್ರದಲ್ಲಿ ಒಂದಿಷ್ಟು ಮದ್ದು ಉಳಿದಿತ್ತು. ನೀವು ನಿಮ್ಮ ಡಬ್ಬ ತಂದಿಟ್ಟು, ಮುಚ್ಚಳ ತೆಗೆದು, "ನೋಡ್ಕೋ, ನಮಾಜ್ ಮುಗಿಸ್ಕೊಂಡ್ ಬರ್ತೀನಿ" ಎಂದು ಹೊರಗೆ ಹೋಗಿದ್ದಿರಿ. ಮೇಜಿನ ಮೇಲೆ ಬಾಯಿ ತೆರೆದ ಡಬ್ಬ ಕಂಡಿತು. ಸುರಿದೆ. ನನ್ನ ಡಬ್ಬವನ್ನು ಆಗಲೇ ಬೀರುವಿಗೆ ಸೇರಿಸಿದ್ದು ನೆನಪೇ ಆಗಲಿಲ್ಲ. ಚಿರೋಟಿ ರವೆಗೆ ಉಪ್ಪಿಟ್ಟಿನ ರವೆ ಬೆರೆತರೆ ತಿಂಡಿ ಕೆಡುತ್ತದೆ, ಅಷ್ಟೇ. ಇಲ್ಲಿ ನಿಮ್ಮದು ನಿಧಾನವಾಗಿ ಉರಿಯುವ ಮದ್ದು. ನನ್ನದು ಭಗ್ಗೆಂದು ಉರಿಯುವುದು. ನೋಡಲು ಎರಡೂ ಒಂದೇ ಕಪ್ಪು ಕಾಳು.

ಇಲ್ಲಿಯವರೆಗೆ ಅದು ಕೈತಪ್ಪು. ಮುಂದಿನದು ಅಲ್ಲ.

ಆ ವಾರದ ಶನಿವಾರ ತಂಡದ ಆಯ್ಕೆ. ಒಂದೇ ಜಾಗ ಖಾಲಿ, ಅದಕ್ಕೆ ಇದ್ದವರು ನಾವಿಬ್ಬರು. ನಿಮ್ಮ ಮೊದಲ ಗುಂಡಿಗೇ ರೈಫಲ್ಲಿನ ಬೋಲ್ಟ್, ಆ ಹಿಂಬದಿಯ ಅಗುಳಿ, ಬಿಗಿದುಕೊಂಡಿತು, ಅದರ ಹಿಡಿಯನ್ನು ಕಷ್ಟಪಟ್ಟು ಎತ್ತಿದಿರಿ. "ಪೌಡರ್ ಏನಾದ್ರೂ ಇರ್ಬೋದಾ ತಂಗೀ? ನನ್ನ ಲೋಡು ಯಾವತ್ತೂ ಹಿಂಗೆ ಮಾಡಿಲ್ಲ" ಎಂದಿರಿ. ಆಗ — ಆಗಲೇ ನೆನಪಾಯಿತು, ಬೀರು, ನನ್ನ ಡಬ್ಬ, ಮೇಜಿನ ಮೇಲಿದ್ದ ನಿಮ್ಮದು. ಹೇಳಿದ್ದರೆ ಆ ದಿನವೇ ನನ್ನ ಆಟ ಮುಗಿಯುತ್ತಿತ್ತು. ಬಾಯಿಂದ ಬಂದದ್ದು ಇದು:

"ಪೌಡರ್ ಸರಿಯಾಗೇ ಇರತ್ತೆ ಅಣ್ಣ. ಬುಲೆಟ್ ಸರಿಯಾಗಿ ಕೂತಿರ್ಲಿಲ್ಲ ಅನ್ಸತ್ತೆ, ಸ್ವಲ್ಪ ಹೊರಗೆ ಬಂದಿತ್ತೇನೋ, ಉಳಿದವನ್ನ ಅಳೆದು ನೋಡಿ."

ಬುಲೆಟ್ ಹೊರಚಾಚಿ ನಳಿಕೆಯೊಳಗಿನ ಗೀರಿಗೆ ಒತ್ತಿಕೊಂಡರೂ ಒತ್ತಡ ಏರುತ್ತದೆ, ನೀವೇ ಕಲಿಸಿದ ಪಾಠ. ನಿಮ್ಮ ಪಾಠವನ್ನೇ ನಿಮಗೆ ತಿರುಗಿಸಿ ಹೊಡೆದೆ. ನೀವು ನಂಬಿದಿರಿ. ಉಳಿದ ಗುಂಡುಗಳನ್ನು ಅಳೆದು, ಒಂದನ್ನು ಆರಿಸಿ, "ಇದು ಸರಿಯಾಗಿ ಕೂತಿದೆ, ಇದನ್ನ ನೋಡ್ತೀನಿ" ಎಂದಿರಿ. "ಬೇಡ" ಎನ್ನಲು ನನಗೆ ಸಮಯವಿತ್ತು. ಬೇಕಾದಷ್ಟಿತ್ತು.

ಕೇಸು ಸೀಳಿತು. ಹೊಗೆ, ಹಿತ್ತಾಳೆ ಚೂರು, ನಿಮ್ಮ ಕೆನ್ನೆಯ ಮೇಲೆ ರಕ್ತ. ಕನ್ನಡಕ ಹಾಕಿದ್ದಿರಿ, ಕಣ್ಣು ಉಳಿಯಿತು. ಕ್ಲಬ್ಬಿನವರು ವಿಚಾರಿಸಿದಾಗ "ಅಳತೇಲಿ ನನ್ನ ಕೈ ತಪ್ಪಿದೆ, ಬುಲೆಟ್ ಸೀಟಿಂಗ್ ಸರಿಯಾಗಿಲ್ಲ" ಎಂದು ನೀವೇ ಒಪ್ಪಿಕೊಂಡಿರಿ. ಆಮೇಲೆ ಡಬ್ಬವನ್ನು ಯಾರು ನೋಡುತ್ತಾರೆ? ನಿಮ್ಮನ್ನು ಲೋಡಿಂಗ್ ರೂಮಿನಿಂದ ದೂರವಿಟ್ಟರು. ನೀವು ಮತ್ತೆ ರೈಫಲ್ ಮುಟ್ಟಲಿಲ್ಲ. ಆ ಜಾಗ ನನಗೆ ಬಂತು.

ಒಂದನ್ನು ಮಾತ್ರ ಬಿಟ್ಟುಕೊಡಲಾರೆ. ಆ ವರ್ಷ ನಾನು ಹೊಡೆದ ಗುರಿ ನನ್ನದೇ, ಅದಕ್ಕೆ ನಾಚುವುದಿಲ್ಲ. ಆದರೆ ನಿಂತದ್ದು ನಿಮ್ಮ ಜಾಗದಲ್ಲಿ. ಇದನ್ನೂ ತಲೆಯೆತ್ತಿಯೇ ಹೇಳುತ್ತೇನೆ.

ಇಷ್ಟು ವರ್ಷ ಇದನ್ನು ನುಂಗಿಕೊಂಡೇ ಇರಬಹುದಿತ್ತು. ಈ ಈದ್‌ಗೆ ನಿಮ್ಮ ಮನೆಗೆ ಬಂದೆನಲ್ಲ... ನಿಮ್ಮ ಮಗಳು ಜೋಯಾ ಶೂಟಿಂಗ್ ಕಲಿಯಬೇಕೆಂದಾಗ ನೀವು, "ಸುಧಾ ಆಂಟಿ ಹತ್ರ ಕಲಿ. ನಿಮ್ಮಪ್ಪನ ಕೈ ಅಳತೆಗೆ ಆಗಲ್ಲ" ಎಂದಿರಿ. ಅವಳು ನಕ್ಕು, "ಆಹ್, ಡ್ಯಾಡ್ ಇಸ್ ಗ್ರ್ಯಾಂಡ್" ಎಂದು ಓಡಿಹೋದಳು. ಆಮೇಲೆ ಬಿರಿಯಾನಿಗೆ ನೀರು ಹಾಕುವ ಮೊದಲು ನೀವು ಲೋಟವನ್ನು ಭಾಭಿಯ ಮುಂದೆ ಹಿಡಿದಿರಿ. "ಸರೀನಾ ನೋಡು." ಮದ್ದನ್ನು ಕಾಳು ಕಾಳು ತೂಗುತ್ತಿದ್ದ ಮನುಷ್ಯ, ಒಂದು ಲೋಟ ನೀರಿಗೆ ಇನ್ನೊಬ್ಬರನ್ನು ಕೇಳುವುದೇ! ಅದನ್ನು ಕಂಡೇ ಇದನ್ನು ಹೇಳಹೊರಟೆ ಅಣ್ಣಾ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀರಿ, ನಿಮ್ಮನ್ನು ಬಲ್ಲೆ. ಅಷ್ಟು ಅಗ್ಗಕ್ಕೆ ನನಗೆ ಬೇಡ. ಬರುವ ಶನಿವಾರ ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳುತ್ತೇನೆ, ಆಗುವುದು ಆಗಲಿ. ಅದಕ್ಕೆ ಮೊದಲು ನಿಮಗೆ ತಿಳಿಯಬೇಕು. ಆ ಬುಲೆಟ್ ಸರಿಯಾಗಿಯೇ ಕೂತಿತ್ತು. ನಿಮ್ಮ ಕೈ ತಪ್ಪಿರಲಿಲ್ಲ. ನಾಳೆ ಅಡುಗೆಗೆ ನೀರು ಅಳೆದಾಗ ಯಾರಿಗೂ ತೋರಿಸಬೇಡಿ ಅಣ್ಣಾ — ಸುರಿಯಿರಿ.